ಇಪ್ಪತ್ತು ಅಕ್ಷರದೊಳಗೆ ಹಿಡಿಯದ ತಾತ

ಎರಡು ದಿನ ಕೂತು ಮನೆಯ ಲಿನಕ್ಸ್ ಕಂಪ್ಯೂಟರಿಗೆ ಬಿಗಿ ಭದ್ರತೆಯ ಕಂಪೈಲರ್ (ನಾವು ಬರೆದದ್ದನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಹಾಕಿ, ಇದ್ದಬದ್ದ ಪ್ರೋಗ್ರಾಮುಗಳನ್ನೆಲ್ಲ ಹೊಸದಾಗಿ ಕಂಪೈಲ್ ಮಾಡಿದೆ ಸ್ನೇಹಿತರೇ. ಶ್ರಾದ್ಧದ ತಿಥಿ ಹುಡುಕಲು ಅಪ್ಪ ಎಂದೋ ಬರೆದಿದ್ದ ಪ್ರೋಗ್ರಾಮನ್ನೂ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಅಪ್ಪ ಅದರಲ್ಲಿ ತಾತನ ಹೆಸರು ಟೈಪ್ ಮಾಡಿದ್ದೇ ತಡ, ಅದು ನಿಂತೇಹೋಯಿತು.

“ಹೆಸರಿಗೆ ಇಪ್ಪತ್ತೇ ಅಕ್ಷರ ಜಾಗ ಇಟ್ಟಿದೀರಪ್ಪಾ. ವೆಂಕಟನರಸಿಂಹಾಚಾರ್ಯ ಅಂತ ಇಂಗ್ಲಿಷಲ್ಲಿ ಹೊಡೆದ್ರೆ ಆಚೆ ಚೆಲ್ಲತ್ತೆ. ಹ್ಯಾಕರ್‌ಗಳು ನುಗ್ಗೋದೇ ಹಾಗೆ ಚೆಲ್ಲೋ ಕಡೆಯಿಂದ ಅಂತ, ಹೊಸ ಕಂಪೈಲರ್ ಇಟ್ಟಿರೋ ಕಾವಲು ಅದನ್ನ ಹಿಡಿದು ನಿಲ್ಲಿಸ್ತಿದೆ.”

“ಇಷ್ಟು ವರ್ಷ ಚೆಲ್ತಿತ್ತಲ್ಲ, ಯಾರಿಗೇನಾಯ್ತು?”

“ಸದ್ಯಕ್ಕೆ ಹೆಸರು ಚಿಕ್ಕದು ಮಾಡಿ.”

“ನಮ್ಮಪ್ಪನ್ನ ಶ್ರಾದ್ಧಕ್ಕೆ ಇನಿಷಿಯಲ್ಲಲ್ಲಿ ಕರೀಬೇಕೇನೋ? ಶ್ರಾದ್ಧ ಮಾಡಿಸೋ ಮೈಲಾಪೂರ್ ವಾಧ್ಯಾರ್ ಸಿರಿಪ್ಪಾರು, ನಗ್ತಾರೆ ಕಣೋ!”

ಕಳ್ಳರು ನುಗ್ಗದಿರಲೆಂದು ಕಟ್ಟಿದ ಕೋಟೆ ಇದು. ಸದ್ಯ ಬಾಗಿಲಾಚೆ ನಿಂತಿರುವುದು ನಮ್ಮ ತಾತ ಒಬ್ಬರೇ.