ಚಪ್ಪಲಿ ಬಚ್ಚಿಡುತ್ತಿದ್ದ ಪುಟ್ಟತಾಯಮ್ಮ ಸಿಸ್ಟರ್

ಎದೆನೋವೆಂದು ಬಂದವರನ್ನು ಮಂಚದ ಮೇಲೆ ಮಲಗಿಸಿ, ಡಾಕ್ಟರು ಸ್ಟೆತಸ್ಕೋಪನ್ನು ಕಿವಿಗೇರಿಸುವಷ್ಟರಲ್ಲಿ ಅವರ ಚಪ್ಪಲಿ ಮಾಯವಾಗಿರುತ್ತಿತ್ತು. ಪುಟ್ಟತಾಯಮ್ಮ ಸಿಸ್ಟರ್ ಆ ಜೋಡಿಯನ್ನು ಬ್ಯಾಂಡೇಜು ಬಟ್ಟೆಯ ತುಂಡಿನಿಂದ ಕಟ್ಟಿ, ಅದರ ಮೇಲೆ ಪ್ಲಾಸ್ಟರ್ ಅಂಟಿಸಿ, ಮಂಚದ ನಂಬರು ಬರೆದು, ಔಷಧಿಯ ಬೀರುವಿನ ಕೆಳಗಿನ ಅರೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ಅವರ ಸೊಂಟದಲ್ಲಿ. ನಾಲ್ಕನೆಯ ದಿನದವರೆಗೆ ಚಪ್ಪಲಿ ಹೊರಗೆ ಬರುತ್ತಿರಲಿಲ್ಲ. ಕೊಣನೂರಿನ ಜಮೀನ್ದಾರರ ಮೆಟ್ಟಾದರೂ ಅಷ್ಟೆ, ಹಿರೀಸಾವೆಯ ಹೋಟೆಲಿನವನ ಹವಾಯಿಯಾದರೂ ಅಷ್ಟೆ.

"ಚಪ್ಪಲಿ ಕಣ್ಣಿಗ್ ಬಿದ್ರೆ ಕಾಲು ಕೆಳೀಕಿಳೀತದೆ ಸಾ. ಕಾಲಿಳುದ್ರೆ ಬಚ್ಚಲು ನೆಪ್ಪಾಯ್ತದೆ, ಆಮೇಲ್ ಬೀಡಿ ನೆಪ್ಪಾಯ್ತದೆ, ಆಮೇಲ್ ಮನೇನೇ ನೆಪ್ಪಾಯ್ತದೆ," ಎನ್ನುತ್ತಿದ್ದರು.

ಹೊಳೆನರಸೀಪುರದಲ್ಲಿ ಹತ್ತು ಮಂಚದ ಒಂದು ನರ್ಸಿಂಗ್ ಹೋಮು ಅದು. ಸಿಸ್ಟರಿಗೆ ಆಗ ಐವತ್ತರ ಆಸುಪಾಸು. ಕುಳ್ಳಗೆ, ದಪ್ಪಗೆ ಇದ್ದರು. ಬಿಳಿ ಸೀರೆಯ ಮೇಲೆ ಚಳಿಗಾಲದಲ್ಲಿ ಒಂದು ಗಂಡಸರ ಸ್ವೆಟರು. ಅದು ಕಂದು ಬಣ್ಣದ್ದೆಂದು ನನ್ನ ನೆನಪು. ಹಸಿರು ಎಂದು ನನ್ನ ತಂಗಿ ಆಣೆಯಿಟ್ಟು ಹೇಳುತ್ತಾಳೆ. ಸ್ವೆಟರಿನ ಬಣ್ಣವೇ ಇಷ್ಟು ಅನುಮಾನವಾದರೆ ಮುಂದೆ ಹೇಳುವ ಮಾತುಗಳ ಗತಿಯೇನು ಎಂದು ನನಗೂ ಅನ್ನಿಸುತ್ತದೆ. ಆದರೂ ನೆನಪಿರುವಂತೆ ಬರೆಯುತ್ತೇನೆ.

ತೊಂಬತ್ತರ ದಶಕದ ನಡುಭಾಗ. ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ದಿನಾ ಬಸ್ಸಿನಲ್ಲಿ ಹೋಗಿಬರುವುದು, ಸಾಕ್ಷಿಯಿಲ್ಲದೆ ಏನನ್ನೂ ಒಪ್ಪದಿರುವುದು ಇವೆರಡೇ ನನ್ನ ಕಸುಬು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತರಾಗಿದ್ದರು. ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಹಿತ್ತಲಿನಿಂದ ಒಳಗೆ ಬಂದವರು ಎದೆಯನ್ನು ಅಂಗೈಯಿಂದ ಉಜ್ಜಿಕೊಳ್ಳುತ್ತಿದ್ದರು. ಆ ಚಳಿಯಲ್ಲೂ ಹಣೆ ಬೆವರಿತ್ತು.

"ಏನಿಲ್ಲ ಕಣೋ, ಗ್ಯಾಸು. ನಿಮ್ಮಮ್ಮ ರಾತ್ರಿ ಅವರೆಕಾಳು ಉಪ್ಪಿಟ್ಟು ಮಾಡಿದ್ಳಲ್ಲ."

ಸೊಗಡಿನ ಅವರೆಕಾಯಿ ಬರುವ ಕಾಲದಲ್ಲಿ ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಅದು ಗ್ಯಾಸೇ. ಸಾರು, ಹುಳಿ, ಉಪ್ಪಿಟ್ಟು, ರೊಟ್ಟಿ ಎಲ್ಲದರಲ್ಲೂ ಅವರೆಕಾಳಿರುವಾಗ ಪಾಪ, ಹೃದಯದ ಮೇಲೆ ಯಾರು ಅನುಮಾನಪಡುತ್ತಾರೆ? ಬೇರೆ ಎಲ್ಲವನ್ನೂ ಅನುಮಾನಿಸುತ್ತಿದ್ದ ನಾನು ಅದೊಂದನ್ನು ಚಕಾರವೆತ್ತದೆ ಒಪ್ಪಿಕೊಂಡೆ. ಇಂಗು, ಜೀರಿಗೆ ನೀರು ಕುಡಿಸಿದೆವು. ನೋವು ಎಡಗೈಗೆ ಇಳಿದ ಮೇಲೆ ಆಸ್ಪತ್ರೆಗೆ ಹೋಗೋಣ ಎಂದೆ. ಸ್ನಾನ, ಸಂಧ್ಯಾವಂದನೆ ಆಗದೆ ಹೊಸಿಲು ದಾಟುವುದಿಲ್ಲ ಎಂದರು ಅಪ್ಪ. ಎರಡೂ ಆಯಿತು. ಒಂಬತ್ತಕ್ಕೆ ಹೊರಟೆವು. ಆಟೋ ತರಲೇ ಎಂದು ಅಮ್ಮ ಕೇಳಿದಾಗ, "ಎರಡೇ ಬೀದಿ, ನಡೆದರೆ ಗ್ಯಾಸು ಇಳಿಯುತ್ತೆ," ಎಂದವನು ನಾನು. ಇದರಲ್ಲಿ ಮಾತ್ರ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ದಾರಿಯಲ್ಲಿ ಅಪ್ಪ ಹಿಟ್ಟಿನ ಗಿರಣಿಯ ಮುಂದೆ ಒಮ್ಮೆ, ಪೋಸ್ಟ್ ಡಬ್ಬಿಯ ಹತ್ತಿರ ಒಮ್ಮೆ ನಿಂತರು.

ಮೆಟ್ಟಿಲ ಮೇಲೆ ಸಿಸ್ಟರ್ ಸಿಕ್ಕಿದರು. ಅಪ್ಪನ ಮುಖ ನೋಡಿದವರೇ ಒಳಗಿಂದ ಕುರ್ಚಿ ಎಳೆದು ತಂದು ಕೂರಿಸಿದರು.

"ಯಾವಾಗಿಂದ ಮೇಷ್ಟ್ರೇ?"

"ಆರು ಗಂಟೆಯಿಂದ."

"ಇಲ್ಲೀಗಂಟ ಏನ್ ಮಾಡ್ತಿದ್ರಿ?"

"ಸ್ನಾನ, ಸಂಧ್ಯಾವಂದನೆ..."

"ಬಂದಿದ್ ಎಂಗೆ?"

"ನಡ್ಕೊಂಡೇ ಬಂದ್ವಿ ಸಿಸ್ಟರ್," ಎಂದೆ ನಾನು. "ಗ್ಯಾಸಾದರೆ ನಡೆಯೋದು ಒಳ್ಳೇದಲ್ವಾ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏನ್ ಓದಿದೀರಿ ಸಾ?"

"ಎಂ.ಎಸ್ಸಿ. ಬಯೋಕೆಮಿಸ್ಟ್ರಿ."

"ಅದ್ಕೇಯಾ," ಎಂದು ಹೇಳಿ, ಅಪ್ಪನನ್ನು ಕುರ್ಚಿಸಮೇತ ಎತ್ತಿಸಿ ಒಳಗೆ ಕರೆದೊಯ್ದರು.

ಇಸಿಜಿ ತೆಗೆದರು. ಡಾಕ್ಟರು ಕಾಗದ ನೋಡಿ, ಮಾತ್ರೆಯೊಂದನ್ನು ಅಗಿದು ನುಂಗಲು ಕೊಟ್ಟರು. ರಕ್ತದ ಹೆಪ್ಪನ್ನು ಕರಗಿಸುವ ಔಷಧಿಯನ್ನು ಗ್ಲೂಕೋಸಿನ ಬಾಟಲಿಗೆ ಬೆರೆಸಿ ಒಂದು ಗಂಟೆಯ ಕಾಲ ಹನಿಹನಿಯಾಗಿ ಬಿಡಲು ಹೇಳಿದರು. ಹಾರ್ಟ್ ಅಟ್ಯಾಕ್ ಎಂಬ ಮಾತು ಅಲ್ಲಿಯವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಕಾರಿಡಾರಿನಲ್ಲಿ ನಿಂತಿದ್ದ ನನಗೆ ಅದನ್ನು ಬಿಡಿಸಿ ಹೇಳಿದವರು ಸಿಸ್ಟರ್. ಸಾಲಗಾಮೆಯ ಬೇಸಾಯದ ಮನೆಯವರು ಅವರು. ಗದ್ದೆಯ ಭಾಷೆಯಲ್ಲೇ ಹೇಳಿದರು.

"ನೋಡಿ ಸಾ, ತೂಬು ಮುಚ್ಕೊಂತು ಅಂತ ಪೈರು ಆಗಿಂದಾಗ್ಲೇ ಸಾಯಾಕಿಲ್ಲ. ನಡೂ ಮಧ್ಯ ಒಂದಷ್ಟು ಒಣಗೋಯ್ತದೆ. ಸುತ್ತ ಇರೋದು ಬಾಡ್ತದೆ. ಬಾಡಿದ್ ಬೇರೆ, ಸತ್ತಿದ್ ಬೇರೆ. ಬಾಡಿರೋದ್ನ ಉಳುಸ್ಕಳಾಕೇ ನಾವಿರೋದು. ಬಿರ್ರನೆ ನೀರ್ ಬಿಡ್ಬೇಕು, ನೀರ್ ಬರೋಗಂಟ ಅದ್ಕೆ ಕೆಲ್ಸ ಕೊಡ್ಬಾರ್ದು. ಒಂದು ಮೆಟ್ಲು ಅತ್ತಿದ್ರೂ ಅದು ನೀರ್ ಕೇಳ್ತದೆ. ಎಲ್ಲಿಂದ ತಂದ್ಕೊಡಾನ?"

ನಾನು ತರಗತಿಯಲ್ಲಿ ಜೀವಕೋಶದ ಉಸಿರಾಟದ ಬಗ್ಗೆ ವಾರಗಟ್ಟಲೆ ಪಾಠ ಮಾಡಿದವನು. ಆಮ್ಲಜನಕ ನಿಂತರೆ ಕೋಶದೊಳಗೆ ಏನಾಗುತ್ತದೆಂದು ಬೋರ್ಡಿನ ತುಂಬ ಬಾಣದ ಗುರುತು ಹಾಕಿ ತೋರಿಸಿದವನು. ಅದೇ ಸಂಗತಿ ನನ್ನ ಅಪ್ಪನ ಎದೆಯಲ್ಲಿ ಮೂರು ಗಂಟೆ ನಡೆದಿತ್ತು. ನಾನು ಇಂಗು ಕಲಸುತ್ತಿದ್ದೆ.

ಮುಕ್ಕಾಲು ಗಂಟೆಯಾಗಿರಬಹುದು. ಮಂಚದ ಪಕ್ಕದ ಮಾನಿಟರಿನಲ್ಲಿ ಸಣ್ಣಗೆ ಚುಚ್ಚಿಕೊಂಡು ಹೋಗುತ್ತಿದ್ದ ಗೆರೆ ಇದ್ದಕ್ಕಿದ್ದಂತೆ ಅಗಲವಾಗಿ, ಸೊಟ್ಟಸೊಟ್ಟಗೆ ಏಳತೊಡಗಿತು. ನಾನು ಕಿರುಚಿದೆ. ಸಿಸ್ಟರ್ ಡಾಕ್ಟರಿಗೆ ಹೇಳಿಕಳಿಸಿ, ಸಿರಿಂಜಿಗೆ ಔಷಧಿ ಎಳೆದು ಕೈಯಲ್ಲಿ ಹಿಡಿದುಕೊಂಡು, ಗೆರೆಯ ಮೇಲಿನ ಕಣ್ಣು ತೆಗೆಯದೆ ಹೇಳಿದರು: "ಕೂಗ್ಬ್ಯಾಡಿ, ಮೇಷ್ಟ್ರು ಎದ್ರುಕೊಂಡಾರು. ನೀರ್ ಬಂದದೆ ಅಂತ ಕಾಣ್ತದೆ. ಒಣಗಿದ್ ಗದ್ದೆಗೆ ಒಂದೇ ಸಲ ನುಗ್ಗುದ್ರೆ ಬದು ಕಿತ್ಕಂಡೋಯ್ತದಲ್ಲ, ಅಂಗೆ ಇದೂ ಒಂದ್ ಗಳಿಗೆ ಕುಣೀತದೆ."

ಡಾಕ್ಟರು ಬಂದು ನೋಡಿ ತಲೆದೂಗಿದರು. ಸಿರಿಂಜು ಬೇಕಾಗಲಿಲ್ಲ. ಗೆರೆ ತಾನೇ ಸರಿಹೋಯಿತು. "ಕಲ್ಲು ಇಳಿಸಿದ ಹಾಗಾಯ್ತು," ಎಂದರು ಅಪ್ಪ.

ಮುಚ್ಚಿದ ರಕ್ತನಾಳ ತೆರೆದಾಗ ಮರಳಿ ಬರುವ ರಕ್ತವೇ ಕೋಶಗಳಿಗೆ ಪೆಟ್ಟು ಕೊಡುವುದೂ ಉಂಟು, ಎದೆಬಡಿತ ತುಸು ಹೊತ್ತು ದಾರಿ ತಪ್ಪುವುದೂ ಉಂಟು ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಬದು ಕಿತ್ತುಹೋಗುವ ಮಾತನ್ನು ಸಿಸ್ಟರ್ ಆವತ್ತೇ ಹೇಳಿದರೋ, ಓದಿದ ಮೇಲೆ ನಾನೇ ಅವರ ಬಾಯಲ್ಲಿ ಇಟ್ಟೆನೋ ಎಂಬ ಗುಮಾನಿ ಆವಾಗಿನಿಂದ ಕಾಡುತ್ತಿದೆ. ಆದರೆ ಸಾಲಗಾಮೆಯ ಬದು ನನ್ನ ತಲೆಗೆ ತಾನಾಗಿ ಹೊಳೆಯುವಂಥದ್ದಲ್ಲ.

ಮೂರನೆಯ ದಿನ ಯುದ್ಧವಾಯಿತು. ಅಪ್ಪ ಚಪ್ಪಲಿ ಕೇಳಿದರು. ಎರಡು ದಿನದಿಂದ ಸ್ನಾನವಿಲ್ಲ, ಸಂಧ್ಯೆಯಿಲ್ಲ, ಇನ್ನು ನೀರನ್ನೂ ಮುಟ್ಟುವುದಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಚಪ್ಪಲಿ ಇಲ್ಲದಿದ್ದರೆ ಬರಿಗಾಲಲ್ಲೇ ಬಚ್ಚಲಿಗೆ ಹೋಗುತ್ತೇನೆ, ಮಡಿಗೆ ಅದೇ ಒಳ್ಳೆಯದು ಎಂದರು. ಬೀಗದ ಕೈಯ ಆಟ ಅಪ್ಪನ ಮುಂದೆ ನಡೆಯಲಿಲ್ಲ.

ಸಿಸ್ಟರ್ ಸ್ಟೂಲು ಎಳೆದುಕೊಂಡು ಕೂತರು. "ಅಲ್ಲ ಮೇಷ್ಟ್ರೇ, ಕಾಯಿಲೆ ಬಿದ್ದೋರ್ಗೆ ನಿಮ್ ಶಾಸ್ತ್ರದಾಗೆ ಏನೂ ಬರ್ದೇ ಇಲ್ವಾ? ಅದ್ನ ಬರ್ದೋರ್ಗೆ ಯಾರ್ಗೂ ಒಂದಿನಾನೂ ಉಸಾರ್ ತಪ್ಲಿಲ್ವಾ?"

ಬೋರ್ಡಿನ ಮುಂದೆ ಲೆಕ್ಕ ತಡವರಿಸಿದ ಹುಡುಗನಂತೆ ಅಪ್ಪ ಸೂರು ನೋಡಿದರು. ಆಮೇಲೆ ಮೆಲ್ಲಗೆ, "ಇದೆ," ಎಂದರು. "ಅಶಕ್ತರಿಗೆ ಮಂತ್ರಸ್ನಾನ ಅಂತ ಇದೆ. ನೀರು ಚಿಮುಕಿಸಿಕೊಂಡರೆ ಸಾಕು."

"ಗೊತ್ತಿದ್ದೂ ಎಲ್ಡ್ ದಿನ ನನ್ ಪ್ರಾಣ ತಿಂದ್ರಾ?"

ಅಪ್ಪ ನಕ್ಕರು. ಅಟ್ಯಾಕಾದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಸಿಸ್ಟರೇ ಸ್ಟೀಲು ಲೋಟದಲ್ಲಿ ನೀರು ತಂದು ಹಿಡಿದರು. ಅಪ್ಪ ಮಲಗಿದಲ್ಲೇ ಮೂರು ಸಲ ಚಿಮುಕಿಸಿಕೊಂಡು, ತುಟಿಯಲ್ಲೇ ಸಂಧ್ಯೆ ಮುಗಿಸಿದರು. ಅಷ್ಟು ಹೊತ್ತೂ ಸಿಸ್ಟರ್ ಬಾಗಿಲಲ್ಲಿ ನಿಂತು ಯಾರನ್ನೂ ಒಳಗೆ ಬಿಡಲಿಲ್ಲ.

ಮನೆಗೆ ಕಳಿಸುವಾಗ ಸಿಸ್ಟರ್ ಕೊಟ್ಟ ಅಪ್ಪಣೆ: ದಿನಕ್ಕೊಂದು ಲೈಟು ಕಂಬ. ಮೊದಲ ದಿನ ಮನೆಯ ಮುಂದಿನ ಕಂಬದವರೆಗೆ, ಮಾರನೆಯ ದಿನ ಅದರಾಚೆಯದು. ನಾನು ಜೊತೆಗಿರಬೇಕು. ಎರಡು ತಿಂಗಳಿಗೆ ಅಪ್ಪ ಹೇಮಾವತಿಯ ದಂಡೆ ಮುಟ್ಟಿದರು.

ಹಾಸನದಲ್ಲಿ ಎಕೋ ಮಾಡಿಸಿದಾಗ ಹೃದಯದ ಒಂದು ಗೋಡೆ ಸ್ವಲ್ಪ ಮಂದವಾಗಿ ಅಲುಗುತ್ತಿದೆ ಎಂದು ಬರೆದಿದ್ದರು. ಅಪ್ಪ ಅದನ್ನು ಓದಿ ಮಡಿಚಿಟ್ಟರು. ನಾನು ಮಡಿಚಿಡಲಿಲ್ಲ. ಆ ಗೋಡೆಯಲ್ಲಿ ರೋಗ ಕೊಂದದ್ದೆಷ್ಟು, ನಾನು ನಡೆಸಿದ ಎರಡು ಬೀದಿ ಕೊಂದದ್ದೆಷ್ಟು? ಅಪ್ಪ ಒಂಬತ್ತು ವರ್ಷ ಬದುಕಿ, ಬೇರೆ ಕಾಯಿಲೆಯಲ್ಲಿ ಹೋದರು. ಅಷ್ಟು ವರ್ಷವೂ ಅವರನ್ನು ಕೇಳುವ ಧೈರ್ಯವಾಗಲಿಲ್ಲ.

ಅಪ್ಪ ಹೋದ ಮೇಲೆ ಸಿಸ್ಟರನ್ನು ಹುಡುಕಿಕೊಂಡು ಸಾಲಗಾಮೆಗೆ ಹೋದೆ. ಕೆಲಸ ಬಿಟ್ಟು ತಮ್ಮನ ಮನೆಯಲ್ಲಿದ್ದರು. ಜಗುಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನ ಗುರುತೇ ಸಿಗಲಿಲ್ಲ. ಅಪ್ಪನ ವಿಷಯ ಹೇಳಿದೆ.

"ಯಾವ್ ಮೇಷ್ಟ್ರು ಸಾ? ಎಷ್ಟೋ ಜನ ಮೇಷ್ಟ್ರುಗಳು ಬಂದವ್ರೆ."

ಅವರೆಕಾಳು, ಮಂತ್ರಸ್ನಾನ, ಸೊಟ್ಟ ಗೆರೆ ಎಲ್ಲ ಹೇಳಿದೆ. ಬೇರೆ ಯಾರದೋ ಕತೆಯೆಂಬಂತೆ ಆಸೆಯಿಂದ ಕೇಳಿದರು. ನನ್ನ ನೆನಪಿಗಿದ್ದ ಒಬ್ಬರೇ ಸಾಕ್ಷಿ. ಅವರಿಗೇ ಏನೂ ನೆನಪಿಲ್ಲ. ಆದರೂ ಕೇಳಬೇಕೆಂದು ಬಂದದ್ದನ್ನು ಕೇಳಿದೆ: "ನಾನು ತಡ ಮಾಡದೆ, ನಡೆಸದೆ ಕರೆತಂದಿದ್ದರೆ ಆ ಗೋಡೆ ಉಳಿಯುತ್ತಿತ್ತಾ?"

ಅವರು ಎರಡು ಬೀಜ ಬಿಡಿಸಿದರು. "ಸುಳ್ಳ್ ಯಾಕ್ ಯೋಳ್ಳಿ? ಒಂದಷ್ಟು ಉಳೀತಿತ್ತು."

ಅದೇ ಉತ್ತರ ಬರುತ್ತದೆಂದು ನನಗೆ ಗೊತ್ತಿತ್ತು.

"ಆಮೇಲ್ ಎಲ್ಲೀಗಂಟ ನಡೀತಿದ್ರು?"

"ಹೊಳೆಯವರೆಗೆ. ದಿನಾ."

"ಎಷ್ಟ್ ವರ್ಸ?"

"ಒಂಬತ್ತು."

"ಜೊತೆಗೆ ಯಾರ್ ಓಗ್ತಿದ್ರು?"

"ನಾನೇ."

"ಮತ್ತೆ ಆ ನಡಿಗೇನೆಲ್ಲಾ ಬುಟ್ಬುಟ್ಟು ಎಲ್ಡೇ ಎಲ್ಡು ಬೀದೀನ ಯಾಕ್ ಇಡ್ಕೊಂಡ್ ಕೂತಿದೀರಿ?"

ರಸ್ತೆಯ ತಿರುವಿನಲ್ಲಿ ಹಾಸನದ ಬಸ್ಸಿನ ಹಾರನ್ ಕೇಳಿಸಿತು. ಕಣ್ಣೊರೆಸಿಕೊಂಡು, ಬರುತ್ತೇನೆಂದು ಎದ್ದೆ. ಅವರು ನನ್ನ ಮಣಿಕಟ್ಟು ಹಿಡಿದರು. ಅಕ್ಕರೆಯಿಂದ ಹಿಡಿದಿದ್ದಾರೆ ಎಂದುಕೊಂಡೆ. ನೋಡಿದರೆ ಅವರ ತುಟಿ ಎಣಿಸುತ್ತಿತ್ತು.

"ನಾಡಿ ಇಂಗೆ ಒಡ್ಕೊತಾ ಇರೋವಾಗ ಬಸ್ಸಿಗ್ ಓಡ್ಬ್ಯಾಡಿ," ಎಂದರು. "ಕೂತ್ಕಳಿ. ಇನ್ನೊಂದ್ ಬತ್ತದೆ."

ಕೂತೆ. ಬಸ್ಸು ಬಂದು, ನಿಂತು, ಹೋಯಿತು. ಅವರನ್ನು ನಾನು ನೋಡಿದ್ದು ಅದೇ ಕೊನೆ. ಇನ್ನೊಂದು ಬಸ್ಸು ಬರುವವರೆಗೆ ಒಂದು ಗಂಟೆಯೋ ಒಂದೂವರೆಯೋ, ಇಬ್ಬರೂ ಹುಣಸೆಬೀಜ ಬಿಡಿಸಿದೆವು.