ಗೇಣುದ್ದದ ಅನ್ನನಾಳ, ಸುಡುಸುಡು ಚಹಾ

ನಾನು ಈಗ ಚಹಾವನ್ನು ಊದಿ ಊದಿ ಕುಡಿಯುತ್ತೇನೆ. ನಿಮಗೆ ಇದರಲ್ಲೇನೂ ವಿಶೇಷ ಕಾಣಿಸಲಿಕ್ಕಿಲ್ಲ. ಆದರೆ ತೆಲುಗು ಸೀಮೆಯ ಅಂಚಿನಲ್ಲಿರುವ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ನನ್ನನ್ನು ಬಲ್ಲವರ ಮುಂದೆ ಈ ಮಾತು ಹೇಳಿ ನೋಡಿ, ಬಿದ್ದುಬಿದ್ದು ನಗುತ್ತಾರೆ. ಮಾರುಕಟ್ಟೆಯ ಗೇಟಿನೆದುರು ಖಾದರ್ ಭಾಯಿಯ ಚಹಾದಂಗಡಿಯಿದೆ. ಹತ್ತಿ ವ್ಯಾಪಾರಿಯಾದ ನಾನು ದಿನಾ ಬೆಳಿಗ್ಗೆ ಅಲ್ಲಿಗೆ ಹಾಜರಾಗುತ್ತಿದ್ದೆ. ಒಲೆಯಿಂದ ಆಗಷ್ಟೇ ಇಳಿದು ಹೊಗೆಯಾಡುವ ಚಹಾವನ್ನು ಗಟಗಟ ಇಳಿಸಿ, ಗ್ಲಾಸನ್ನು ಹಲಗೆಯ ಮೇಲೆ ಟಕ್ಕೆಂದು ಇಟ್ಟು, ಸುತ್ತ ಒಮ್ಮೆ ನೋಡುತ್ತಿದ್ದೆ. ಆ ನೋಟದಲ್ಲಿ ಕುಸ್ತಿ ಗೆದ್ದವನ ಗತ್ತು ಇರುತ್ತಿತ್ತು. ಸಾಸರಿಗೆ ಹೊಯ್ದು ಆರಿಸಿಕೊಂಡು ಕುಡಿಯುವವರನ್ನು ನಾವು ಅಳಿಯಂದಿರು ಎಂದು ಕರೆಯುತ್ತಿದ್ದೆವು. ಅಳಿಯನಾದವನು ಮಾವನ ಮನೆಯಲ್ಲಿ ಎಲ್ಲವನ್ನೂ ನಯವಾಗಿ ಮಾಡಬೇಕಲ್ಲ, ಹಾಗೆ.

ಈ ಪಂದ್ಯದಲ್ಲಿ ನನಗೆ ಸರಿಸಾಟಿಯಾಗಿದ್ದವನು ಹಾಲಹರವಿಯ ಚೆನ್ನಪ್ಪ ಒಬ್ಬನೇ. ಅವನು ಎತ್ತಿನ ದಲ್ಲಾಳಿ. ನಾವಿಬ್ಬರೂ ಒಬ್ಬರನ್ನೊಬ್ಬರು 'ಬಾವಾ' ಎನ್ನುತ್ತೇವೆ, ನೆಂಟಸ್ತಿಕೆ ಮಾತ್ರ ಏನೂ ಇಲ್ಲ. ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದನ್ನು ನೀವು ಕೇಳಿರಬಹುದು. ದಲ್ಲಾಳಿ ಹೆಗಲ ಟವಲನ್ನು ಕೈಮೇಲೆ ಹಾಸುತ್ತಾನೆ, ಗಿರಾಕಿ ಅದರೊಳಗೆ ಕೈ ತೂರಿಸುತ್ತಾನೆ, ಬೆರಳು ಹಿಸುಕುವುದರಲ್ಲೇ ಮಾತುಕತೆ ಮುಗಿಯುತ್ತದೆ. ಪಕ್ಕದಲ್ಲಿ ನಿಂತವನಿಗೆ ಕಾಣುವುದು ಅಲುಗಾಡುವ ಟವಲು ಮಾತ್ರ. ಚೆನ್ನಪ್ಪನಿಗೆ ಇದು ಎಷ್ಟು ಒಗ್ಗಿಹೋಗಿತ್ತೆಂದರೆ, ಮಗಳ ಮದುವೆ ಗೊತ್ತಾದ ಸುದ್ದಿಯನ್ನೂ ಅವನು ನನ್ನ ಕೈಮೇಲೆ ಟವಲು ಹಾಕಿಯೇ ಹೇಳಿದ್ದ. ಮುಖ್ಯವಾದ ಮಾತೆಲ್ಲ ಟವಲಿನ ಕೆಳಗೇ ಆಗಬೇಕು ಎಂಬುದು ಅವನ ಧರ್ಮ.

ನನ್ನ ಧರ್ಮ ಬೇರೆ. ನಾನು ಹೆಂಡ ಮುಟ್ಟಿದವನಲ್ಲ, ಬೀಡಿ ಸೇದಿದವನಲ್ಲ, ದಿನವೂ ವಿಭೂತಿ ಹಚ್ಚಿ ಲಿಂಗಪೂಜೆ ಮಾಡಿಯೇ ಬಾಯಿಗೆ ನೀರು ಹಾಕುವವನು. ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಂದು ಚಿಟಿಕೆ ಹೊಗೆಸೊಪ್ಪು. ಇದನ್ನು ನಮ್ಮ ಕಡೆ ಯಾರೂ ಚಟ ಎನ್ನುವುದಿಲ್ಲ, ಊಟದ ಕೊನೆ ಎನ್ನುತ್ತಾರೆ. ಹೀಗಾಗಿ ನಾನು ಸಜ್ಜನರಲ್ಲಿ ಸಜ್ಜನ ಎಂದು ಊರೆಲ್ಲ ಒಪ್ಪಿಕೊಂಡಿತ್ತು, ಎಲ್ಲರಿಗಿಂತ ಮೊದಲು ನಾನೇ ಒಪ್ಪಿಕೊಂಡಿದ್ದೆ.

ಒಂದು ಮಧ್ಯಾಹ್ನ ಜೋಳದ ರೊಟ್ಟಿಯ ತುತ್ತು ಎದೆಯ ನಡುವೆ ನಿಂತುಬಿಟ್ಟಿತು. ಮೇಲೂ ಬಾರದು, ಕೆಳಗೂ ಇಳಿಯದು. ನಾನೇನು ಮಾಡಿದೆ ಹೇಳಿ? ಬಿಸಿ ಚಹಾ ತರಿಸಿ ಹೊಯ್ದುಕೊಂಡೆ. ತುತ್ತು ಇಳಿಯಿತು! ಬಿಸಿಗೆ ಎಂಥದ್ದಾದರೂ ಕರಗಲೇಬೇಕು ಎಂಬ ನಮ್ಮ ಮಾರುಕಟ್ಟೆಯ ವಿಜ್ಞಾನ ಗೆದ್ದಿತು. ಅಂದಿನಿಂದ ಪ್ರತಿ ಊಟಕ್ಕೂ ಸುಡುಸುಡು ಚಹಾ ಕಾವಲಿಗೆ ನಿಂತಿತು. ಕಳ್ಳನನ್ನು ಹಿಡಿಯಲು ಕಳ್ಳನನ್ನೇ ಕಾವಲಿಗೆ ಹಾಕಿದ್ದೇನೆ ಎಂಬುದು ನನಗೆ ಗೊತ್ತಿರಲಿಲ್ಲ.

ನನ್ನ ಹೆಂಡತಿ ಗಿರಿಜಾ ಇದನ್ನು ಹಲ್ಲಿನ ತೊಂದರೆ ಎಂದು ತಿಳಿದಳು. ಮೊದಲು ರೊಟ್ಟಿಯನ್ನು ತೆಳ್ಳಗೆ ತಟ್ಟಿದಳು. ಆಮೇಲೆ ಹಾಲಿನಲ್ಲಿ ನೆನೆಸಿಟ್ಟಳು. ಆಮೇಲೆ ಅನ್ನ ಹಿಚುಕಿ ಮಜ್ಜಿಗೆ ಕಲಸಿದಳು. ಕಡೆಗೆ ಗಂಜಿಗೆ ಬಂದು ನಿಂತಿತು. ಒಂದು ದಿನವೂ ಬೇಸರಪಡದೆ, ಗಂಟಲು ಎಷ್ಟು ಕೇಳಿತೋ ಅಷ್ಟು ಮೆತ್ತಗೆ ಮಾಡುತ್ತ ಹೋದಳು. ಅವಳ ಆ ಪ್ರೀತಿಯ ಮರೆಯಲ್ಲಿ ರೋಗ ಆರಾಮಾಗಿ ಬೆಳೆಯಿತು. ಅಂಗಿ ಸಡಿಲವಾದಾಗ ಮಾರುಕಟ್ಟೆಯವರು, "ಏನ್ ಸಾವ್ಕಾರ್ರೆ, ಹೊಟ್ಟಿ ಕರಗ್ಸಿ ಹುಡುಗ್ರಂಗ ಆಗೀರಲ್ರಿ!" ಎಂದು ಹೊಗಳಿದರು. ನಾನು ಹಿಗ್ಗಿದೆ.

ಇಲ್ಲಿ ಅನ್ನನಾಳದ ಬಗ್ಗೆ ಸ್ವಲ್ಪ ಹೇಳಬೇಕು, ಅದರ ಬಗ್ಗೆ ಯಾರೂ ಏನೂ ಹೇಳುವುದಿಲ್ಲವೆಂಬ ಕಾರಣಕ್ಕಾದರೂ. ಕವಿಗಳು ಕಣ್ಣನ್ನು ಹಾಡಿದ್ದಾರೆ, ತುಟಿಯನ್ನು ಹಾಡಿದ್ದಾರೆ, ಹೃದಯದ ಹಾಡಿಗಂತೂ ಕೊನೆಯೇ ಇಲ್ಲ. ಗಂಟಲಿನಿಂದ ಹೊಟ್ಟೆಯವರೆಗೆ, ಉಸಿರುನಾಳದ ಹಿಂದೆ ಅಡಗಿ ಕೂತ ಗೇಣುದ್ದದ ಈ ಕೊಳವೆಯನ್ನು ಯಾವ ಕವಿ ನೆನೆದ? ಅದು ಬರೀ ಕೊಳವೆಯೂ ಅಲ್ಲ. ತುತ್ತನ್ನು ಹಿಂಡಿ ಹಿಂಡಿ ಕೆಳಗೆ ತಳ್ಳುತ್ತದೆ, ನೀವು ಮಲಗಿ ನೀರು ಕುಡಿದರೂ ತನ್ನ ಕೆಲಸ ಬಿಡುವುದಿಲ್ಲ. ಹೊಟ್ಟೆಯೊಳಗೆ ಹುಳಿಯನ್ನು ತಡೆಯುವ ಪದರವಿದೆ, ಇದಕ್ಕೆ ಅದಿಲ್ಲ. ಇದರ ಒಳಮೈ ಕೆನ್ನೆಯ ಒಳಗಿನಷ್ಟೇ ಮೃದು. ನಮ್ಮ ಶಿವನನ್ನೇ ನೋಡಿ. ಹಾಲಾಹಲವನ್ನು ಕುಡಿದ ಸರಿ, ಆದರೆ ಅನ್ನನಾಳಕ್ಕೆ ಇಳಿಯಗೊಡದೆ ಗಂಟಲಲ್ಲೇ ನಿಲ್ಲಿಸಿದ. ಅಷ್ಟು ದೊಡ್ಡ ದೇವರಿಗೆ ಇದ್ದ ಎಚ್ಚರ ಅವನ ಭಕ್ತನಾದ ನನಗೆ ಇರಲಿಲ್ಲ, ಎಲ್ಲವನ್ನೂ ನೇರ ಒಳಗೆ ಬಿಟ್ಟೆ.

ಗಂಜಿಯೂ ತಡೆದು ತಡೆದು ಇಳಿಯತೊಡಗಿದಾಗ ನನ್ನ ತಮ್ಮ ಶಿವಣ್ಣ ಬಳ್ಳಾರಿಯ ಒಂದು ಆಸ್ಪತ್ರೆಗೆ ಕರೆದೊಯ್ದ. ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡಿದರು, ಒಂದು ಚೂರು ಚಿವುಟಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ತಮ್ಮನೂ ಹೆಂಡತಿಯೂ ಒಳಗೆ ಹೋದರು, ನನ್ನನ್ನು ಹೊರಗೆ ಕೂರಿಸಿದರು. ಆಚೆ ಬಂದು, "ಏನಿಲ್ರಿ, ಒಳಗ ಸಣ್ಣ ಹುಣ್ಣ ಆಗೈತಂತ, ಅಲ್ಸರ್," ಎಂದಳು ಗಿರಿಜಾ. ಅವಳ ಕಣ್ಣು ಗೋಡೆಯ ಮೇಲಿತ್ತು.

ನಮ್ಮ ಕಡೆ ಇದು ರೂಢಿ. ಕ್ಯಾನ್ಸರ್ ಎಂಬ ಶಬ್ದವನ್ನು ಮನೆಯಲ್ಲಿ ಆಡುವುದಿಲ್ಲ. 'ಆ ಜಡ್ಡು' ಎನ್ನುತ್ತಾರೆ, ಇಲ್ಲವೇ ಬರೀ 'ಅದು' ಎನ್ನುತ್ತಾರೆ. ಊರಿಗೆಲ್ಲ ಗೊತ್ತಿರುತ್ತದೆ, ಯಾರಿಗೆ ಬಂದಿದೆಯೋ ಅವನೊಬ್ಬನಿಗೆ ಗೊತ್ತಿರುವುದಿಲ್ಲ. ನನ್ನ ಮನೆಗೂ ಜನ ಬರತೊಡಗಿದರು, ಸೇಬು, ಎಳನೀರು ಹಿಡಿದುಕೊಂಡು. ಹತ್ತಿಯ ತೂಕದಲ್ಲಿ ನನ್ನೊಡನೆ ಜಗಳವಾಡಿದವರೂ ಜೇನಿನಂತೆ ಮಾತಾಡಿದರು. ಆಗಲೇ ನನಗೆ ಅನುಮಾನ ಬಂದಿತ್ತು. ಆಮೇಲೆ ಚೆನ್ನಪ್ಪ ಬಂದ. ಮಂಚದ ಪಕ್ಕ ಕೂತ, ಟವಲು ತೆಗೆದು ನನ್ನ ಕೈಮೇಲೆ ಹಾಸಿ ಒಳಗೆ ಕೈ ಹಿಡಿದ. ನಾನು ಬೆರಳುಗಳ ಮಾತಿಗೆ ಕಾದೆ. ಅವು ಏನನ್ನೂ ಹೇಳಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದವು, ಬಿಡಲೊಲ್ಲದೆ ಹಿಡಿದುಕೊಂಡಿದ್ದವು. ಬೆಲೆ ಹೇಳದ ದಲ್ಲಾಳಿಯ ಕೈಯಿಂದ ನನಗೆ ರೋಗದ ಹೆಸರು ತಿಳಿಯಿತು.

ಹೆದರಿದೆನೇ? ಹೆದರಿದೆ. ಆದರೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ನನ್ನ ಎದೆಯೊಳಗೆ ಕೂತ ಶತ್ರುವಿನ ಹೆಸರು ಊರಿಗೆಲ್ಲ ಗೊತ್ತು, ನನಗೆ ಮಾತ್ರ ಅಲ್ಸರ್! "ಗಿರಿಜಾ, ನನಗ ಕ್ಯಾನ್ಸರ್ ಐತಿ ಹೌದಿಲ್ಲೋ?" ಎಂದು ಗಟ್ಟಿಯಾಗಿ ಕೇಳಿದೆ. ಅವಳು ಅಳುತ್ತ, "ಮೆಲ್ಲಕ ಮಾತಾಡ್ರಿ, ಆಜುಬಾಜುದವ್ರು ಕೇಳ್ತಾರ," ಎಂದಳು. "ಕೇಳ್ಲಿ ಬಿಡು, ನಾನೇನ್ ಕಳ್ಳತನ ಮಾಡೀನೇನು?" ಎಂದೆ. ಆ ಮಾತು ಆಡಿದ ಮೇಲೆ ಮೈಯಲ್ಲಿ ಎಲ್ಲಿಂದಲೋ ಬಲ ಬಂತು.

ಮರುದಿನ ನಾನೇ ಬಳ್ಳಾರಿಯ ಆಸ್ಪತ್ರೆಗೆ ಹೋಗಿ ಅಲ್ಲಿಯ ಡಾಕ್ಟರಮ್ಮನ ಮುಂದೆ ಕೂತೆ. ಆಕೆ ಕಾಗದದ ಮೇಲೆ ಕೊಳವೆಯ ಚಿತ್ರ ಬರೆದು ಬಿಡಿಸಿ ಹೇಳಿದರು. ಅನ್ನನಾಳದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕೊಳವೆಯ ಒಳಪದರದಲ್ಲೇ ಹುಟ್ಟುವಂಥದ್ದು. ಹೊಗೆಸೊಪ್ಪನ್ನು ಸೇದಿದರೂ ಜಗಿದರೂ ಅದನ್ನು ಕರೆದಂತೆ, ಹೆಂಡವೂ ಜೊತೆಗೂಡಿದರೆ ಇನ್ನೂ ಬೇಗ. ಅಡಿಕೆ ಜಗಿಯುವುದು, ಹಣ್ಣು ತರಕಾರಿ ಕಡಿಮೆ ತಿನ್ನುವುದು, ಬಾಯಿ ಸುಡುವಷ್ಟು ಬಿಸಿಯಾದದ್ದನ್ನು ವರ್ಷಾನುಗಟ್ಟಲೆ ಕುಡಿಯುವುದು, ಇವೂ ಅದಕ್ಕೆ ದಾರಿ ಮಾಡಿಕೊಡುತ್ತವೆ. ಇನ್ನೊಂದು ಹೊಟ್ಟೆಯ ಹತ್ತಿರ, ಕೆಳತುದಿಯಲ್ಲಿ ಹುಟ್ಟುವಂಥದ್ದು. ವರ್ಷಗಟ್ಟಲೆ ಎದೆಯುರಿ, ಹುಳಿತೇಗು ಇದ್ದವರಿಗೆ, ಮೈ ಬಹಳ ಭಾರವಾದವರಿಗೆ ಅದರ ಭಯ ಹೆಚ್ಚು. ನನ್ನದು ಮೊದಲನೆಯ ಬಗೆ. ನಾನು, "ಚಹಾ ಕುಡಿದ್ರ ಕ್ಯಾನ್ಸರ್ ಬರ್ತೈತೇನ್ರಿ ಅಮ್ಮಾ?" ಎಂದು ಜಗಳಕ್ಕೇ ನಿಂತೆ. ಆಕೆ ನಕ್ಕು, "ಚಹಾದ ಮೇಲೆ ತಪ್ಪು ಹಾಕಬ್ಯಾಡ್ರಿ ಯಜಮಾನ್ರೆ, ಅದನ್ನ ಕುದಿಕುದಿ ಕುಡಿಯೋದು ತಪ್ಪು. ಹೊಗೆಸೊಪ್ಪು ಅದಕ್ಕಿಂತ ದೊಡ್ಡ ತಪ್ಪು," ಎಂದರು. ಇವೆಲ್ಲ ಇದ್ದವರಿಗೆಲ್ಲ ಬರಲೇಬೇಕೆಂದಿಲ್ಲ, ಏನೂ ಇಲ್ಲದವರಿಗೂ ಬರುವುದುಂಟು ಎಂದೂ ಹೇಳಿದರು. ಆ ಕೊನೆಯ ಮಾತನ್ನು ನಾನು ಗಂಟು ಕಟ್ಟಿ ತಂದೆ. 'ಯಾವ ಜನ್ಮದ ಪಾಪವೋ' ಎಂದ ನೆಂಟರ ಮುಖಕ್ಕೆ ಅದನ್ನು ಬಿಚ್ಚಿ ತೋರಿಸಿದೆ. ರೋಗಕ್ಕೆ ಕಾರಣ ಇರುತ್ತದೆ, ಆದರೆ ರೋಗ ತೀರ್ಪಲ್ಲ.

ಔಷಧಿ ಹನಿ ಹನಿಯಾಗಿ ರಕ್ತಕ್ಕೆ ಇಳಿಯಿತು, ಕಿರಣ ಹಾಯಿಸಿದರು, ಕಡೆಗೆ ಆಪರೇಷನ್ ಆಯಿತು. ಕೆಟ್ಟ ಭಾಗವನ್ನು ತೆಗೆದು, ಹೊಟ್ಟೆಯನ್ನೇ ಮೇಲಕ್ಕೆಳೆದು ಕೊಳವೆಯಾಗಿ ಹೊಲಿದಿದ್ದಾರೆ. ಅಂದರೆ ನನ್ನ ಹೊಟ್ಟೆ ಈಗ ಎದೆಯಲ್ಲಿದೆ. ಒಮ್ಮೆಗೇ ಹೆಚ್ಚು ತಿನ್ನುವಂತಿಲ್ಲ, ಹಕ್ಕಿಯ ಹಾಗೆ ದಿನವಿಡೀ ಕುಟುಕುತ್ತಿರುತ್ತೇನೆ. ಉಂಡೊಡನೆ ಅಡ್ಡಾಗುವಂತಿಲ್ಲ, ತಲೆದಿಂಬನ್ನು ಗುಡ್ಡದಂತೆ ಒಟ್ಟಿಕೊಂಡು ಮಲಗುತ್ತೇನೆ. ಮಧ್ಯಾಹ್ನದ ನಿದ್ದೆಯನ್ನು ಕೂತೇ ಮಾಡುವ ಸಾವ್ಕಾರನನ್ನು ನೋಡಿ ಗಿರಿಜಾ ನಗುತ್ತಾಳೆ. ನಗಲಿ, ನನಗೆ ಬೇಕಾಗಿದ್ದೂ ಅದೇ.

ಮೈಯಲ್ಲಿ ತ್ರಾಣ ಬಂದ ಮೇಲೆ ಮೊದಲು ಹೋದದ್ದು ಖಾದರ್ ಭಾಯಿಯ ಅಂಗಡಿಗೆ. "ಸಾವ್ಕಾರ್ರು ಬಂದ್ರು! ಗರಂ ಗರಂ ಕೊಡ್ತೀನಿ," ಎಂದು ಆತ ಗ್ಲಾಸು ತುಂಬಿದ. ನಾನು ಸಾಸರು ಕೇಳಿದೆ. ಬೆಂಚಿನ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಒಬ್ಬ ಮೆಲ್ಲಗೆ, "ಅಲ್ಸರ್ ಆಗಿತ್ತಂತಲ್ರಿ?" ಎಂದ. "ಅಲ್ಸರ್ ಅಲ್ಲಪ್ಪಾ, ಅನ್ನನಾಳದ ಕ್ಯಾನ್ಸರ್," ಎಂದೆ, ಹತ್ತಿ ಹರಾಜು ಕೂಗುವ ದನಿಯಲ್ಲಿ. ಗುಟ್ಕಾ ಹರಿಯುತ್ತಿದ್ದವನೊಬ್ಬ ಹರಿದ ಪೊಟ್ಟಣವನ್ನು ಹಿಡಿದುಕೊಂಡೇ ಕೂತ. ಎಲ್ಲವನ್ನೂ ಹೇಳಿದೆ. ಇನ್ನು ನನ್ನ ಕಾಯಿಲೆ ನನ್ನ ಬಾಯಲ್ಲೇ ಊರು ಸುತ್ತಲಿ ಎಂಬುದು ನನ್ನ ಹಟ.

ಹೀಗೆ ಕೂಗುತ್ತಿರುವಾಗಲೇ ಬೆಂಚಿನ ತುದಿಯಲ್ಲಿ ಕೂತಿದ್ದ ಚೆನ್ನಪ್ಪನ ಕೈ ಕಣ್ಣಿಗೆ ಬಿತ್ತು. ಅವನು ರಸ್ಕನ್ನು ಚಹಾದಲ್ಲಿ ಅದ್ದಿ, ಪೂರ್ತಿ ಮೆತ್ತಗಾಗುವವರೆಗೆ ಕಾದು ಬಾಯಿಗಿಡುತ್ತಿದ್ದ, ಮೇಲೆ ಬಿಸಿ ಚಹಾ ಹೊಯ್ದುಕೊಳ್ಳುತ್ತಿದ್ದ. ಒಣಗಿ ಗರಿಯಾದ ಕಟಕ್ ರೊಟ್ಟಿಯನ್ನು ಕಟಕಟ ಕಡಿಯುತ್ತಿದ್ದ ಚೆನ್ನಪ್ಪ! ನಾನು ಕೂಗುವುದನ್ನು ಬಿಟ್ಟು ಅವನ ಪಕ್ಕಕ್ಕೆ ಹೋಗಿ ಕೂತೆ.

"ಬಾವಾ, ಯಾವಾಗಿಂದ ಅದ್ದಿ ತಿನ್ನಾಕತ್ತಿ?"

"ಹಲ್ಲು ಬಾವಾ, ಹಲ್ಲು ಸಡ್ಲ ಆಗ್ಯಾವ," ಎಂದ.

ಜೀವಮಾನವಿಡೀ ಎತ್ತುಗಳ ಬಾಯಿ ತೆರೆದು ಹಲ್ಲು ನೋಡಿದವನು ಅವನು. ನಾನು ಎಲ್ಲರೆದುರು ಅವನ ಗಲ್ಲ ಹಿಡಿದು, "ತೆಗಿ ಬಾಯಿ," ಎಂದೆ. ಮಂದಿ ನಕ್ಕರು. ಒಂದೊಂದೇ ಹಲ್ಲು ಅಲ್ಲಾಡಿಸಿ ನೋಡಿದೆ. ಒಂದೂ ಅಲುಗಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ನಾನು ಗಲ್ಲ ಬಿಡದೆ, "ನಾಳೆ ಬಳ್ಳಾರಿಗಿ ಹೋಗೂಣು," ಎಂದೆ. "ಸರ್ಲೇ ಬಾವಾ," ಎಂದು ತೆಲುಗಿನಲ್ಲಿ ಒಪ್ಪಿಕೊಂಡ, ಸಣ್ಣ ದನಿಯಲ್ಲಿ.

ಪರೀಕ್ಷೆಗಳೆಲ್ಲ ಮುಗಿದ ದಿನ ಅವನು ಡಾಕ್ಟರಮ್ಮನ ಕೋಣೆಗೆ ಬರಲೊಪ್ಪಲಿಲ್ಲ. "ನೀನ ಕೇಳ್ಕೊಂಡ್ ಬಾ," ಎಂದು ಬೆಂಚಿನ ಮೇಲೆ ಕೂತುಬಿಟ್ಟ. ನಾನು ಕೇಳಿಕೊಂಡು ಆಚೆ ಬಂದಾಗ ಚೆನ್ನಪ್ಪ ಎದ್ದು ನಿಂತಿದ್ದ. ಬಲಗೈ ಮುಂದೆ ಚಾಚಿದ್ದ, ಅದರ ಮೇಲೆ ಟವಲು ಹಾಸಿದ್ದ. ಬೆರಳಲ್ಲಿ ಹೇಳಿಬಿಡು ಎನ್ನುವಂತೆ ನನ್ನನ್ನೇ ನೋಡುತ್ತಿದ್ದ.

ನಾನು ಆ ಟವಲನ್ನು ಎಳೆದು ಅವನ ಹೆಗಲ ಮೇಲೆ ಹಾಕಿದೆ. ಬರಿಗೈ ಹಿಡಿದು ಹೇಳಿದೆ: "ಚೆನ್ನಪ್ಪಾ, ಕ್ಯಾನ್ಸರ್ ಐತಿ. ಅನ್ನನಾಳದಾಗ ಐತಿ. ಇನ್ನಾ ಎಲ್ಲೂ ಹಬ್ಬಿಲ್ಲಂತ. ಇದಕ್ಕ ಔಷಧಿ ಐತಿ, ಆಪರೇಷನ್ ಐತಿ, ನಿನ್ನ ಬಾಜೂಕ ನಾನದೀನಿ."

ಆಸ್ಪತ್ರೆಯ ಪಡಸಾಲೆಯೆಲ್ಲ ನಮ್ಮ ಕಡೆ ತಿರುಗಿತು. ಚೆನ್ನಪ್ಪ ಧೊಪ್ಪನೆ ಕೂತ. "ಇಷ್ಟ್ ಜೋರಾಗಿ ಹೇಳ್ಬೇಕೇನ್ ಬಾವಾ?" ಎಂದ. ನಾನು ಉತ್ತರ ಕೊಡುವ ಮೊದಲೇ ಎದುರು ಬೆಂಚಿನಿಂದ ಒಬ್ಬ ಹೆಣ್ಣುಮಗಳು ಎದ್ದು ಬಂದಳು. ಸೆರಗು ಬಾಯಿಗೆ ಹಿಡಿದುಕೊಂಡು, "ಯಣ್ಣಾ, ನಮ್ಮನಿಯವ್ರಿಗೂ ರೊಟ್ಟಿ ಇಳಿವಲ್ದು. ದಿನಾ ಹಾಲಾಗ ನೆನಸಿ ಕೊಡಾಕತ್ತೀನಿ. ಇದಕ್ಕ ಯಾವ ಡಾಕ್ಟ್ರಿಗಿ ತೋರಿಸ್ಬೇಕು?" ಎಂದು ಕೇಳಿದಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಚೆನ್ನಪ್ಪ ಬೆಂಚಿನಲ್ಲಿ ಸರಿದು ಜಾಗ ಮಾಡಿದ, ಹೆಗಲ ಟವಲಿನಿಂದಲೇ ಹಲಗೆಯನ್ನು ಒರೆಸಿದ. "ಕೂಡವ್ವಾ," ಎಂದ, ಸಂತೆಗೆಲ್ಲ ಕೇಳುವ ದನಿಯಲ್ಲಿ. "ನನಗೂ ಅದ ಐತಿ. ಹೇಳ್ತೀನಿ ಕೇಳು."