ಅವಳ ಇಸ್ತಾಂಬುಲ್

ನನ್ನ ಹೆಂಡತಿ ಇಸ್ತಾಂಬುಲ್ ನೋಡಿರಲಿಲ್ಲ. ಆದರೂ ಆಟೊಮನ್ ಸುಲ್ತಾನರ ಕಾಲದ ಆ ಊರಿನ ಮೇಲೆ ಕನ್ನಡದಲ್ಲಿ ಒಂದು ಕಾದಂಬರಿ ಬರೆದಳು. ಡೌನರ್ಸ್ ಗ್ರೋವ್‌ನಿಂದ ಶಿಕಾಗೋಗೆ ಕೆಲಸಕ್ಕೆ ಹೋಗುವ ರೈಲಿನಲ್ಲಿ, ಲೈಬ್ರರಿಯಿಂದ ತಂದ ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡು ನಾಲ್ಕು ವರ್ಷ ಬರೆದಳು. ಕಥೆಯಲ್ಲಿ ಎರಡು ಗುಪ್ತ ಪಂಗಡಗಳಿದ್ದವು, ದೀಪದವರು ಮತ್ತು ಕೀಲಿಯವರು. ಊರು ಯಾರ ಕೈ ಸೇರಬೇಕು ಎಂಬುದೇ ಅವರ ಜಗಳ.

ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಹತ್ತಿರದ ಅರೋರಾ ಊರಿನ ಆಂಟಿ ಒಬ್ಬರ ಬೇಸ್‌ಮೆಂಟಿನಲ್ಲಿ ಹತ್ತು ಹನ್ನೆರಡು ಮಂದಿ ಕನ್ನಡಿಗರು ಸೇರುತ್ತಿದ್ದೆವು. ಅವಳು ಒಂದೊಂದು ಅಧ್ಯಾಯ ಓದುತ್ತಿದ್ದಳು. ನಾನು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು, ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ಧಾರವಾಡದ ಅಂಕಲ್ ಒಬ್ಬರು ಕೀಲಿಯವರ ಪಕ್ಷ. "ಈ ಸಲ ಊರು ನಮ್ದಾಗ್ತದ ನೋಡ್ರಿ," ಎನ್ನುತ್ತಿದ್ದರು. ಅವಳು ನಕ್ಕು ನೋಟ್‌ಬುಕ್ ಮುಚ್ಚುತ್ತಿದ್ದಳು.

ಈ ಮಾರ್ಚ್‌ನಲ್ಲಿ ಅವಳು ತೀರಿಕೊಂಡಳು. ಕೊನೆಯ ಅಧ್ಯಾಯ ಬರೆದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು.

"ಅರ್ಧಕ್ಕ ಬಿಡಬಾರದು. ನೀವು ಹ್ಞೂಂ ಅಂದ್ರ ನಾವೆಲ್ಲಾ ಕೂತು ಬರೆದು ಮುಗಸೋಣು," ಎಂದರು ಅಂಕಲ್, ಅವಳಿಲ್ಲದೆ ಸೇರಿದ ಮೊದಲ ಭಾನುವಾರ.

ಪ್ರೀತಿಯಿಂದಲೇ ಹೇಳಿದರು. ಆದರೆ ಅವಳ ಪುಸ್ತಕದಲ್ಲಿ ಬೇರೆಯವರ ವಾಕ್ಯ ಸೇರುವುದು ನನಗೆ ಬೇಡವಾಗಿತ್ತು. ಮನೆಗೆ ಬಂದು ಅವಳ ರೈಲಿನ ಬ್ಯಾಗ್ ತೆರೆದೆ. ಛತ್ರಿಯ ಕೆಳಗೆ ಇನ್ನೊಂದು ನೋಟ್‌ಬುಕ್ ಸಿಕ್ಕಿತು. ಕೊನೆಯ ಪುಟದಲ್ಲಿ 'ಮುಗಿಯಿತು' ಎಂದಿತ್ತು. ಒಬ್ಬನೇ ಕೂತು ಉಳಿದದ್ದನ್ನು ಓದುವ ಧೈರ್ಯ ಬರಲಿಲ್ಲ.

ಸಿಕ್ಕ ಅಧ್ಯಾಯವನ್ನು ಮುಂದಿನ ಸಲ ನಾನೇ ಓದುತ್ತೇನೆಂದು ಎಲ್ಲರಿಗೂ ಹೇಳಿದೆ. ಅವಳು ಹೋದಾಗ ಎಲ್ಲರೂ ಊಟ ತುಂಬಿ ತಂದುಕೊಟ್ಟಿದ್ದ ಡಬ್ಬಿಗಳನ್ನೂ ಆ ಭಾನುವಾರವೇ ಒಯ್ದೆ. ಚೆನ್ನಾಗಿ ತಿಕ್ಕಿ, ತೊಳೆದು, ಒರೆಸಿ ತಂದಿದ್ದವನ್ನು ಅವರವರಿಗೆ ಕೊಟ್ಟು ಓದಲು ಕೂತೆ.

ಆ ಅಧ್ಯಾಯದಲ್ಲಿ ದೀಪದವರ ಮುದುಕಿಯೊಬ್ಬಳು ಪಕ್ಕದ ಮನೆಯವನಿಗೆ ತಾಮ್ರದ ಡಬ್ಬಿಯಲ್ಲಿ ಅಂಜೂರ ಕಳಿಸುತ್ತಾಳೆ. ಆರು ವರ್ಷದಿಂದ ಓಣಿಯಲ್ಲಿರುವ ಅವನನ್ನು ಯಾರೂ ಅನುಮಾನಿಸಿರುವುದಿಲ್ಲ. ಅವನು ಡಬ್ಬಿಯನ್ನು ಫಳಫಳ ತೊಳೆದು, ಖಾಲಿಯಾಗಿ ಹಿಂದಿರುಗಿಸುತ್ತಾನೆ. 'ಈ ಓಣಿಯಲ್ಲಿ ಬೆಳೆದವನು ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಿದ್ದ' ಎಂದುಕೊಳ್ಳುತ್ತಾಳೆ ಮುದುಕಿ. ಅವನು ಕೀಲಿಯವರ ಬೇಹುಗಾರ.

ನಾನು ತಲೆ ಎತ್ತಿದೆ. ಎಲ್ಲರ ಮಡಿಲಲ್ಲೂ ಖಾಲಿ ಡಬ್ಬಿಗಳು.

"ಅಯ್ಯೋ, ನೀವೂ ಕೀಲಿಯವರೇನಾ?" ಎಂದರು ಮನೆಯ ಆಂಟಿ. ಬೇಸ್‌ಮೆಂಟಿಗೆ ಬೇಸ್‌ಮೆಂಟೇ ನಕ್ಕಿತು. ನಾನೂ ನಕ್ಕೆ, ಮಾರ್ಚ್‌ನಿಂದೀಚೆಗೆ ಮೊದಲ ಸಲ. ಮದುವೆಯಾದ ಇಪ್ಪತ್ತೆರಡು ವರ್ಷವೂ ನಾನು ತೊಳೆದು ಖಾಲಿ ಮರಳಿಸಲು ಹೊರಟ ಡಬ್ಬಿಗಳಿಗೆಲ್ಲ ಅವಳೇ ಏನಾದರೂ ತುಂಬಿ ಕೈಗಿಡುತ್ತಿದ್ದಳು. ಬೇಹುಗಾರ ಅವಳಿಗೆ ಎಲ್ಲಿ ಸಿಕ್ಕಿದನೆಂದು ನನಗೆ ತಿಳಿಯಿತು.

ಮುಂದೆ ಓದಿದೆ. ಮುದುಕಿ ಅವನನ್ನು ಹಿಡಿದುಕೊಡಲಿಲ್ಲ. ಅದೇ ಡಬ್ಬಿಗೆ ಮತ್ತೆ ಅಂಜೂರ ತುಂಬಿ ಕಳಿಸಿದಳು. ಮರುದಿನ ಡಬ್ಬಿ ವಾಪಸ್ ಬಂತು. ಒಳಗೆ ಊರಿನ ಕೋಟೆ ಬಾಗಿಲಿನ ಕೀಲಿ ಇತ್ತು.

ಧಾರವಾಡದ ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು.

"ಸೋತ್ವಿ ಬಿಡ್ರಿ," ಎಂದರು. "ಹಿಂಗ ಬರಿಯೋದು ನಮ್ಮಿಂದ ಆಗ್ತಿದ್ದಿಲ್ಲ."

"ಅದು ಬೇಕಾಗಿಯೇ ಇರಲಿಲ್ಲ ಅಂಕಲ್," ಎಂದೆ. "ಅವಳೇ ಮುಗಿಸಿಟ್ಟಿದ್ದಳು."

ನೋಟ್‌ಬುಕ್ಕಿನ ಕೊನೆಯ ಪುಟ ತಿರುಗಿಸಿ, ಅವಳ ಅಕ್ಷರ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.